ಮುದ್ದೆಯನ್ನು ದೇವರಿಗೆ ಬಿಟ್ಟವಳು ನಾನು

ನನ್ನ ಮಗಳು ಸುಮಾಳ ಮುದ್ದೆಯನ್ನು ಕಳೆದವಳು ನನ್ನ ತಂಗಿಯ ಮಗಳು ಪವಿ ಅಲ್ಲ. ನಾನು. ಎಂಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ — ಹೇಳಲು ಸಂದರ್ಭ ಒದಗಲಿಲ್ಲ ಅಂತ ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಮುದ್ದೆ ಅಂದರೆ ತಟ್ಟೆಗೆ ಹಾಕುವ ಮುದ್ದೆಯಲ್ಲ. ಅದೊಂದು ಹುಳ. ಅದೂ ನಿಜವಾದ ಹುಳವಲ್ಲ, ಗೇಮಿನೊಳಗಿನದು. ನನ್ನ ತಮ್ಮ ಕೊಪ್ಪದ ಅಂಗಡಿಯೊಂದರಿಂದ, ಯಾರೋ ಆಡಿ ಬಿಟ್ಟಿದ್ದ ಅಂಗೈಯಗಲದ ಗೇಮ್ ಮಿಷಿನ್ನೊಂದನ್ನು ಸೊಸೆ ಸುಮಾಳಿಗೆ ಅಂತ ತಂದುಕೊಟ್ಟಿದ್ದ. ಅದರಲ್ಲಿ ಕಾಡುಮೇಡು ಅಲೆದು ವಿಚಿತ್ರ ಪ್ರಾಣಿಗಳನ್ನು ಹಿಡಿಯಬೇಕು, ಸಾಕಬೇಕು, ಬೇರೆಯವರ ಪ್ರಾಣಿಗಳ ಜೊತೆ ಕಾದಾಡಿಸಬೇಕು. ಸುಮಾ ಮೊದಲು ಹಿಡಿದದ್ದೇ ಈ ಹುಳವನ್ನು. ಮೈತುಂಬ ತಗಡಿನಂಥ ಕವಚ, ಆರು ಕಾಲು, ಮೂತಿಯ ಮೇಲೆ ನೇಗಿಲ ಗುಳದಂಥ ಕೊಂಬು. ಇಷ್ಟೆಲ್ಲ ಇದ್ದೂ ಮಹಾ ಪುಕ್ಕಲು. ಎದುರಿನದು ಒಮ್ಮೆ ಗದರಿದರೆ ಸಾಕು, ಕೈಕಾಲು ಒಳಗೆಳೆದುಕೊಂಡು ಗುಂಡಗೆ ಸುತ್ತಿಕೊಳ್ಳುತ್ತಿತ್ತು. ಅದನ್ನು ಕಂಡೇ ಅವಳು ಮುದ್ದೆ ಅಂತ ಹೆಸರಿಟ್ಟದ್ದು. ಗೇಮಿನವರು ಇಟ್ಟ ಹೆಸರು ಬೇರೆ ಇತ್ತು. ಅದು ನನ್ನ ನಾಲಿಗೆಯಲ್ಲಿ ಹೊರಳಲಿಲ್ಲ. ಎರಡು ವರ್ಷ ಸಾಕಿ, ತಿದ್ದಿ, ಧೈರ್ಯ ತುಂಬಿ ಅದನ್ನೊಂದು ಪೈಲ್ವಾನನನ್ನಾಗಿ ಮಾಡಿದ್ದಳು.

ಒಂಬತ್ತನೇ ಕ್ಲಾಸಿನಲ್ಲಿ ಅವಳಿಗೆ ಡೆಂಗಿ ಬಂತು. ಮೈಸೂರಿನ ಆಸ್ಪತ್ರೆಯಲ್ಲಿ ಆರು ದಿನ. ಮಾತಾಡಲೂ ತ್ರಾಣವಿಲ್ಲದ ಮಗು ನನ್ನ ಸೆರಗು ಹಿಡಿದೆಳೆದು ಹೇಳಿದ್ದು ಒಂದೇ — “ಅಮ್ಮ, ಮುದ್ದೆನ ದಿನಕ್ಕೊಂದ್ಸಲ ನಡ್ಸು ಕಣಮ್ಮ. ಇಲ್ದಿದ್ರೆ ಅದ್ಕೆ ನನ್ ಮ್ಯಾಲೆ ಪ್ರೀತಿ ಕಮ್ಮಿ ಆಗೋಯ್ತದೆ.” ಹೀಗಾಗಿ ಒಂದು ಕೈಯಲ್ಲಿ ಅವಳ ಹಣೆಗೆ ಒದ್ದೆ ಬಟ್ಟೆ, ಇನ್ನೊಂದು ಕೈಯಲ್ಲಿ ಹುಳದ ಸವಾರಿ.

ನಾಲ್ಕನೆಯ ದಿನ ಡಾಕ್ಟರು ಏನೂ ಹೇಳದೆ ಹೋದರು. ನಾನು ಅಲ್ಲೇ, ಮಂಚದ ಪಕ್ಕ ನಿಂತು, ಮನೆದೇವರಿಗೆ ಹರಕೆ ಹೊತ್ತೆ. “ಮಗ್ಳು ಎದ್ದು ಕೂತ್ರೆ, ನಮ್ಮನೇಲಿ ಕೈಯಾರೆ ಸಾಕಿದ್ ಒಂದು ಜೀವಾನ ನಿನ್ ಎಸ್ರಿಗೆ ಬುಡ್ತೀನಿ ನನ್ನಪ್ಪ.” ನಮ್ಮ ಕಡೆ ಇದು ಇದ್ದದ್ದೇ. ಕರುವನ್ನೋ ಹುಂಜವನ್ನೋ ದೇವರ ಹೆಸರಿನಲ್ಲಿ ಬಿಟ್ಟುಬಿಡುತ್ತಾರೆ. ಆಮೇಲೆ ಅದು ಯಾರದ್ದೂ ಅಲ್ಲ, ಯಾರೂ ಕಟ್ಟುವಂತಿಲ್ಲ, ಹೊಡೆಯುವಂತಿಲ್ಲ. ನನ್ನ ಮನಸ್ಸಿನಲ್ಲಿದ್ದದ್ದು ಹಿತ್ತಲಿನ ಕೆಂಪು ಹುಂಜ.

ಮಗಳು ಎದ್ದು ಕೂತಳು. ನಮ್ಮೂರು ಭೇರ್ಯಕ್ಕೆ, ಮನೆಗೆ ಬಂದೆವು. ಅವಳನ್ನು ನೋಡಲು ನೆಂಟರು ಬಂದರು. ನಾನು ತಲೆಗೆ ನೀರು ಹಾಕಿಕೊಂಡು ಬರುವಷ್ಟರಲ್ಲಿ ನಮ್ಮ ಯಜಮಾನರು ಹುಂಜವನ್ನು ಕುಯ್ದು ಸಾರಿಗಿಟ್ಟಿದ್ದರು. “ಉಪ್ಪು ನೋಡ್ಬಾರಮ್ಮಿ” ಅಂತ ಕರೆದರು. ನೋಡಿದೆ. ಉಪ್ಪು ಸರಿಯಾಗಿತ್ತು.

ಈಗ ಹರಕೆಗೆ ಏನನ್ನು ಬಿಡಲಿ? ಬೇರೆ ಹುಂಜ ತರೋಣವೆಂದರೆ ‘ಕೈಯಾರೆ ಸಾಕಿದ್ದು’ ಅಂತ ನಾನೇ ಬಾಯಿಬಿಟ್ಟು ಹೇಳಿದ್ದೇನೆ. ಹಸುವನ್ನು ಬಿಟ್ಟರೆ ಮನೆ ನಡೆಯುವುದಿಲ್ಲ. ನಾಯಿ ತಾನಾಗಿ ಬಂದದ್ದು, ನಾವು ಸಾಕಿದ್ದಲ್ಲ. ಬೆಕ್ಕನ್ನು ದೇವರಿಗೆ ಬಿಟ್ಟರೂ ಸಂಜೆ ಹಾಲಿನ ಹೊತ್ತಿಗೆ ವಾಪಸ್ಸು ಬರುತ್ತದೆ. ನಾಳೆ, ನಾಡಿದ್ದು ಅಂತ ತಳ್ಳಿದೆ. ದಸರಾ ರಜ ಬಂತು. ಪಿರಿಯಾಪಟ್ಟಣದಿಂದ ಪವಿ ಬಂದಳು — ಸುಮಾಳ ಓರಗೆಯವಳು, ಒಂದೇ ತಟ್ಟೆಯಲ್ಲಿ ಉಣ್ಣುವಷ್ಟು ಜೋಡಿ. ಒಂದು ಬೆಳಿಗ್ಗೆ ಸುಮಾ ಎರಡು ಸಲ ಸೀನಿದಳು. ಮೈ ಮುಟ್ಟಿದೆ, ಬಿಸಿ. ದೇವರು ಜ್ಞಾಪಿಸುತ್ತಿದ್ದಾನೆ!

ಯಜಮಾನರು ಅವಳನ್ನು ರಕ್ತ ಪರೀಕ್ಷೆಗೆ ಅಂತ ಕೆ.ಆರ್. ನಗರಕ್ಕೆ ಕರೆದುಕೊಂಡು ಹೋದರು. ಪವಿ ಸೀಬೆಕಾಯಿಗೆ ಉಪ್ಪು ಖಾರ ಹಚ್ಚಿಕೊಂಡು ತಿನ್ನುತ್ತಾ ಸ್ವಲ್ಪ ಹೊತ್ತು ಗೇಮ್ ಆಡಿ, ಮಿಷಿನ್ನನ್ನು ಮಂಚದ ಮೇಲಿಟ್ಟು ಪಕ್ಕದ ಮನೆಗೆ ಹೋದಳು. ನಾನು ಅದನ್ನೇ ನೋಡುತ್ತ ನಿಂತೆ. ಮುದ್ದೆ — ಅದು ಜೀವವೋ ಅಲ್ಲವೋ? ಉಣ್ಣುತ್ತದೆ, ಮಲಗುತ್ತದೆ, ಹೆದರುತ್ತದೆ. ಏಟು ಬಿದ್ದರೆ ಆ ಗೇಮಿನೊಳಗೇ ಅದಕ್ಕೊಂದು ಆಸ್ಪತ್ರೆಯಿದೆ. ಜೀವ ಇಲ್ಲದ್ದಕ್ಕೆ ಆಸ್ಪತ್ರೆ ಯಾಕೆ ಕಟ್ಟುತ್ತಾರೆ? ಕೈಯಾರೆ ಸಾಕಿದ್ದೂ ಹೌದು. ಅದರಲ್ಲಿ ನನ್ನ ಕೈಯೂ ಇತ್ತು.

ಮಿಷಿನ್ನನ್ನು ದೇವರ ಮುಂದೆ ಮಣೆಯ ಮೇಲಿಟ್ಟೆ. ಅರಿಶಿನ ಕುಂಕುಮ ಹಚ್ಚಿದೆ, ಕರ್ಪೂರ ಬೆಳಗಿದೆ. ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು. ಮುದ್ದೆಯ ಹೆಸರಿನ ಕೆಳಗೆ ‘ರಿಲೀಸ್’ ಅಂತಿತ್ತು; ಅಂದರೆ ಬಿಡುವುದು ಅಂತ ಸಿನಿಮಾ ಪೋಸ್ಟರುಗಳಿಂದ ಗೊತ್ತಿತ್ತು. ಒತ್ತಿದೆ. ನಿಜವಾಗಿಯೂ ಬಿಡುತ್ತೀಯಾ ಅಂತ ಕೇಳಿತು. ಕೈಮುಗಿದು, ಹೂಂ ಅಂದು, ಮತ್ತೆ ಒತ್ತಿದೆ. ಮುದ್ದೆ ಹೆದರಿ ಸುತ್ತಿಕೊಳ್ಳುತ್ತದೆ ಅಂದುಕೊಂಡಿದ್ದೆ. ಇಲ್ಲ — ಒಂದು ಸಲ ತಿರುಗಿ ನೋಡಿ, ಆರು ಕಾಲನ್ನೂ ಎಳೆದುಕೊಂಡು ಹುಲ್ಲಿನೊಳಗೆ ಹೊರಟುಹೋಯಿತು. ನಾನು ಅತ್ತೆ. ಹುಂಜಕ್ಕೂ ಅಷ್ಟು ಅತ್ತಿರಲಿಲ್ಲ.

ಮಧ್ಯಾಹ್ನ ಸುಮಾ ಬಂದಳು. ಬರೀ ನೆಗಡಿಯಂತೆ. ನಾನು ದೇವರಿಗೆ ಇನ್ನೊಂದು ಸಲ ಕೈಮುಗಿಯುವಷ್ಟರಲ್ಲಿ ನಡುಮನೆಯಲ್ಲಿ ಕಿರುಚಾಟ.

“ನನ್ ಮುದ್ದೆ ಎಲ್ಲೇ ಪವಿ?”

“ನಂಗೇನ್ಗೊತ್ತು? ಬೆಳಿಗ್ಗೆ ಒಸಿ ಆಡ್ದೆ, ಮುದ್ದೆನ ಮುಟ್ಟಿಲ್ಲ ಕಣೇ.”

“ಮುಟ್ಟಿಲ್ವಾ? ಬಟನ್ ಸಂದೀಲೆಲ್ಲಾ ಖಾರದ್ಪುಡಿ ಐತೆ. ಮಿಷಿನ್ನೇ ಸೀಬೆಕಾಯಿ ತಿಂತಾ?”

“ಖಾರದ್ಪುಡಿ ಅಲ್ಲ ಕಣೇ ಅದು. ಬೇಕಾದ್ರೆ ನೆಕ್ಕಿ ನೋಡು!”

ಸುಮಾ ನಿಜವಾಗಿಯೂ ನಾಲಿಗೆ ಚಾಚಿದಳು. ನಾನು ಓಡಿ ಹೋಗಿ ಮಿಷಿನ್ನು ಕಿತ್ತುಕೊಂಡೆ. “ಥೂ, ಕರೆಂಟಿನ್ ವಸ್ತುನ ಯಾರಾದ್ರೂ ನೆಕ್ತಾರಾ?” ಅಂತ ಗದರಿ, ಸೆರಗಿನಿಂದ ಬಟನ್ನುಗಳ ಸಂದಿಯನ್ನೆಲ್ಲ ಒರೆಸಿಬಿಟ್ಟೆ. ಸುಮಾ ಕಣ್ಣಲ್ಲಿ ನೀರು ತುಂಬಿಕೊಂಡು ನನ್ನನ್ನೇ ಕೇಳಿದಳು — “ನೀನೇ ಹೇಳಮ್ಮ. ಖಾರದ್ಪುಡಿ ತಾನೆ?”

ಸೆರಗಿನ ತುದಿ ನನ್ನ ಕೈಯಲ್ಲಿತ್ತು. ಅದರಲ್ಲಿದ್ದದ್ದು ನಾನೇ ಹಚ್ಚಿದ ಕುಂಕುಮ.

“ಊಂ. ಖಾರದ್ಪುಡಿನೇ ಇರ್ಬೇಕು ಕಣವ್ವ.”

ಅಷ್ಟೇ. ಪವಿ ನನ್ನ ಮುಖ ನೋಡಿದಳು. ಸುಮಾ ಅವಳನ್ನು ಕಳ್ಳಿ ಅಂದಳು, ಹೊಟ್ಟೆಕಿಚ್ಚಿನವಳು ಅಂದಳು. ಮಾರನೆಯ ದಿನದ ಮೊದಲ ಬಸ್ಸಿಗೆ ಪವಿ ಬಟ್ಟೆ ತುಂಬಿಕೊಂಡು ಹೊರಟಳು. ಆಮೇಲೆ ಯಾವ ರಜಕ್ಕೂ ಬರಲಿಲ್ಲ.

ಹರಕೆಯ ವಿಷಯ ಹೊರಗೆ ಹೇಳಬಾರದು ಅಂತ ನನಗೆ ನಾನೇ ಒಂದು ಶಾಸ್ತ್ರ ಮಾಡಿಕೊಂಡೆ. ಅದು ಯಾವ ಪುಸ್ತಕದಲ್ಲೂ ಇಲ್ಲ. ನಿಜ ಇಷ್ಟೇ — ಗೇಮಿನ ಹುಳಕ್ಕೆ ಕರ್ಪೂರ ಬೆಳಗಿದವಳು ಅಂತ ನಗುತ್ತಾರಲ್ಲ, ಅದಕ್ಕೆ ಹೆದರಿದೆ. ನನಗೆ ದೇವರ ದಯೆಗಳನ್ನು ಎಣಿಸುವ ಅಭ್ಯಾಸ. ಹಾಲು ಒಡೆಯದೆ ಕಾದರೆ ಒಂದು, ನಲ್ಲಿಯಲ್ಲಿ ನೀರು ಬಂದರೆ ಒಂದು, ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಒಂದು. ಈ ಎಂಟು ವರ್ಷ ‘ಯಾರೂ ಕೇಳಲಿಲ್ಲ’ ಅನ್ನುವುದನ್ನೂ ಅದರಲ್ಲಿ ಸೇರಿಸಿಕೊಂಡು ಬಂದೆ — ನಾಚಿಕೆಯಿಲ್ಲದೆ.

ಈಗ ಪವಿಗೆ ಮದುವೆ ಗೊತ್ತಾಗಿದೆ. ಹುಣಸೂರಿನಲ್ಲಿ ನರ್ಸ್ ಆಗಿರುವ ಸುಮಾಳಿಗೆ ಫೋನ್ ಮಾಡಿದರೆ, “ಡ್ಯೂಟಿ ಐತೆ, ಬರಾಕಾಗಲ್ಲ” ಅಂದಳು. ಡ್ಯೂಟಿ ಇರಲಿಲ್ಲ, ನನಗೆ ಗೊತ್ತು. ಇಬ್ಬರಿಗೂ ಒಡಹುಟ್ಟಿದ ಅಕ್ಕ ತಂಗಿಯರಿಲ್ಲ. ಈ ಮದುವೆಯೂ ಹೀಗೇ ಕಳೆದರೆ ಅವರು ಮತ್ತೆ ಕೂಡುವುದು ಯಾವಾಗ?

ಪಿರಿಯಾಪಟ್ಟಣಕ್ಕೆ ಹೋದೆ. ಪವಿಯನ್ನು ಕೋಣೆಯಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದೆ — ಹರಕೆ, ಹುಂಜ, ಕರ್ಪೂರ, ಕುಂಕುಮ. ಹುಂಜದ ಹತ್ತಿರ ಅವಳು ನಕ್ಕಳು. ಕುಂಕುಮದ ಹತ್ತಿರ ನಗಲಿಲ್ಲ.

“ದೊಡ್ಡಮ್ಮ, ನೀವೇ ಅಂಗಂದ್ಮೇಲೆ, ನಾನೇ ಗೊತ್ತಿಲ್ದಂಗೆ ಒತ್ಬುಟ್ನೇನೋ ಅಂದ್ಕಂಡಿದ್ದೆ. ಇವತ್ತಿನ್ ಗಂಟ ಅಂಗೇ ಅಂದ್ಕಂಡಿದ್ದೆ.”

ಇದಕ್ಕೆ ನಾನು ಸಿದ್ಧಳಾಗಿ ಹೋಗಿರಲಿಲ್ಲ. ಅವಳು ನನ್ನ ಮೇಲೆ ಕೋಪ ಮಾಡಿಕೊಂಡಿದ್ದಾಳೆ ಅಂದುಕೊಂಡಿದ್ದೆ. ಅವಳು ನನ್ನನ್ನು ನಂಬಿದ್ದಳು — ತನ್ನನ್ನೇ ನಂಬದೆ.

ಅವಳ ಎದುರಿಗೇ ಸುಮಾಳಿಗೆ ಫೋನ್ ಮಾಡಿ ಇನ್ನೊಂದು ಸಲ ಎಲ್ಲ ಹೇಳಿದೆ. “ಮಂಗಳಾರ್ತಿನೂ ಮಾಡ್ದ್ಯಾ?” ಅಂದಳು.

“ಮಾಡ್ದೆ ಕಣವ್ವ.”

“ಅವ್ಳಿಗ್ ಕೊಡು ಫೋನ. ನಿನ್ನತ್ರ ಆಮೇಲ್ ಮಾತಾಡ್ತೀನಿ.”

ಕೊಟ್ಟು ಜಗುಲಿಗೆ ಬಂದು ಕೂತೆ. ಒಳಗೆ ಮೊದಲು ಅಳು ಕೇಳಿಸಿತು, ಆಮೇಲೆ ಜಗಳ, ಆಮೇಲೆ ನಗು. ನಕ್ಕದ್ದು ನನ್ನನ್ನು ನೆನೆದೇ ಇರಬೇಕು, ನಗಲಿ. ಸುಮಾ ನಾಲ್ಕು ದಿನ ರಜ ಹಾಕಿದ್ದಾಳಂತೆ, ಚಪ್ಪರದ ದಿನವೇ ಬರುತ್ತಾಳಂತೆ — ಇದೂ ಪವಿ ಹೇಳಿ ಗೊತ್ತಾದದ್ದು. ನನ್ನ ಹತ್ತಿರ ಸುಮಾ ಮಾತಾಡಿ ಇವತ್ತಿಗೆ ಒಂಬತ್ತು ದಿನ. ಅವಳಾಗಿ ಮಾತಾಡುವ ತನಕ ನಾನು ಅವಸರ ಮಾಡುವುದಿಲ್ಲ.