ಪ್ಲಗ್ ಕಿತ್ತ ಅಕ್ಕೋರು

ಅಕ್ಕೋರ ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಕೀಬೋರ್ಡಿನ ಮೇಲೆ ಒಂಬತ್ತು ಬೆರಳು ಓಡುವಾಗ ಅದೊಂದು ಮಾತ್ರ ಕಡ್ಡಿಯಂತೆ ನೆಟ್ಟಗೆ ನಿಂತಿರುತ್ತಿತ್ತು. ಚಿಕ್ಕಂದಿನಲ್ಲಿ ದಡ್ಡಿ ಎಂಬ ಊರಿನ ಕಬ್ಬಿನ ಹೊಲದಲ್ಲಿ ಹಾವು ಕಚ್ಚಿದ ಬೆರಳು ಅದು. ಮೊದಲು ಹೋದ ಕಡೆ ಔಷಧ ಇರಲಿಲ್ಲವಂತೆ. ಎರಡನೆಯ ಕಡೆ ಸಿಕ್ಕಿತು, ಜೀವ ಉಳಿಯಿತು, ಬೆರಳು ಸೆಟೆದೇ ಹೋಯಿತು.

ಪಾಠ ಹೇಳುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಇವರ ಕಂಪ್ಯೂಟರ್ ಶಾಲೆ ಕಲ್ಲೋಳಿಯಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿತ್ತು. ಗಿರಣಿ ಶುರುವಾದರೆ ಮಾನಿಟರ್ ನಡುಗುತ್ತಿತ್ತು. ಡಿಪ್ಲೊಮಾ ಮುಗಿಸಿ, ಜಾವಾ ಎಂಬ ಕಂಪ್ಯೂಟರ್ ಭಾಷೆ ಬರುತ್ತದೆ ಎಂಬ ಸೊಕ್ಕಿನಲ್ಲಿ ನಾನು ಮಮದಾಪುರದಿಂದ ಬೈಕಿನಲ್ಲಿ ಅಲ್ಲಿಗೆ ಹೋಗಿದ್ದೆ. ಅವರು ಒಂದು ಮುದಿ ಕಂಪ್ಯೂಟರ್ ತೋರಿಸಿ, "ಇದರಾಗ ಸರ್ವರ್ ನಡಸಬೇಕು ನೋಡು" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಪುಕ್ಕಟೆ ಸಿಗುವ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಒಂದು ಹಗುರವಾದ ಜಾವಾ ಸರ್ವರ್, ಎಂದರೆ ಕೇಳಿದವರಿಗೆ ಉತ್ತರ ಕಳಿಸುವ ಪ್ರೋಗ್ರಾಮು, ಇಳಿಸಿಕೊಂಡು, ಹತ್ತು ಸಾಲು ಬರೆದು ಚಾಲೂ ಮಾಡಿದರು. ನನ್ನ ಮೊಬೈಲಿನಲ್ಲಿ ಅದರ ವಿಳಾಸ ಒತ್ತಿದರೆ "ಅದೀನ್ರಿ", ಇದ್ದೇನೆ, ಎಂದು ಉತ್ತರ ಬಂತು. ಇನ್ನೊಮ್ಮೆ ಒತ್ತಿ ನೋಡಿದೆ.

ಅವರಿಗೆ ಬೇಕಾದ ಕೆಲಸ ಇಷ್ಟೆ: ಗೋಕಾಕ, ಮೂಡಲಗಿ, ಹುಕ್ಕೇರಿಗಳ ಆಸ್ಪತ್ರೆಗಳಲ್ಲಿ ಹಾವಿನ ವಿಷಕ್ಕೆ ಔಷಧ ಇವತ್ತು ಇದೆಯೋ ಇಲ್ಲವೋ ಎಂದು ಕೇಳಿದವರಿಗೆ ಹೇಳಬೇಕು. ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ಇದೆ ಅಥವಾ ಇಲ್ಲ ಒತ್ತಲು ಆಯಾ ಊರಿನ ನರ್ಸುಗಳು ಒಪ್ಪಿದ್ದರು. ನಾನು ಎಂಟು ದಿನ ಕೂತು ಮೂರೂ ಊರನ್ನು ಒಂದೇ ಪ್ರೋಗ್ರಾಮಿನಲ್ಲಿ ತುರುಕಿದೆ. ಗೋಕಾಕದಲ್ಲಿ ಒಂದೇ ಯಂತ್ರ ಇಟ್ಟರೆ ಮುಗಿಯಿತು ಎಂದು ನನ್ನ ಎಣಿಕೆ. ತೋರಿಸುವ ದಿನ ಅಕ್ಕೋರು ಎದ್ದು ಹೋಗಿ ಗೋಡೆಯ ಪ್ಲಗ್ ಕಿತ್ತುಬಿಟ್ಟರು.

"ಏನ್ರಿ ಅಕ್ಕೋರ, ಇದು ಅನ್ಯಾಯ ಅಲ್ರೀ?" ಎಂದು ಕೂಗಿದೆ.

"ಕರೆಂಟ್ ನಿನ್ನ ಕೇಳಿ ಹೋಗತೈತೇನೋ ತಮ್ಮಾ? ಈಗ ಹುಕ್ಕೇರ್ಯಾಗ ಯಾರಿಗರ ಹಾವು ಕಡೀತಂದ್ರ ಅವರು ಯಾರನ್ನ ಕೇಳಬೇಕು? ಮೂರು ಊರಿಗೆ ಮೂರು ಸಣ್ಣವು ಮಾಡು. ಒಂದು ಬಿದ್ರ ಉಳಿದೆರಡು ನಿಂತಿರಬೇಕು."

ಒಂದು ವಾರ ಮುಖ ಊದಿಸಿಕೊಂಡೆ. ಆಮೇಲೆ ಗೊಣಗುತ್ತಲೇ ಮೂರು ಮಾಡಿದೆ. ಮೂರು ಊರಿನ ಪರಿಚಿತರ ಮನೆಗಳಲ್ಲಿ ಮೂರು ಹಳೆಯ ಯಂತ್ರ ಇಟ್ಟೆವು. ಮೊಬೈಲು ಮೂರನ್ನೂ ಕೇಳಿ, ಊರಿಗೊಂದು ಸಾಲಿನಲ್ಲಿ ಉತ್ತರ ತೋರಿಸುತ್ತಿತ್ತು.

ಮಳೆಗಾಲದ ಒಂದು ಮಧ್ಯಾಹ್ನ ಕಬ್ಬಿನ ಹೊಲದಲ್ಲಿ ನನ್ನ ಅವ್ವನ ಕಾಲಿಗೆ ಹಾವು ಕಚ್ಚಿತು. ಮೊಬೈಲ್ ತೆಗೆದೆ. ಗಾಳಿಗೆ ತಂತಿ ಹರಿದು ಗೋಕಾಕದಲ್ಲಿ ಕರೆಂಟ್ ಇರಲಿಲ್ಲ, ಆ ಊರಿನ ಸಾಲು ಖಾಲಿ. ಹುಕ್ಕೇರಿ ದೂರ. ಮೂಡಲಗಿಯ ಸಾಲು ಮಾತ್ರ "ಇದೆ" ಎನ್ನುತ್ತಿತ್ತು. ಸೀದಾ ಮೂಡಲಗಿಗೆ ಹೋದೆವು. "ಟೈಮಿಗೆ ತಂದ್ರಿ" ಎಂದರು ಡಾಕ್ಟರು. ನಾನು ಮೊದಲು ಬರೆದದ್ದೇ ಇದ್ದಿದ್ದರೆ ಮೂರೂ ಸಾಲು ಖಾಲಿ ಇರುತ್ತಿದ್ದವು.

ಅವ್ವ ಮನೆಗೆ ಬಂದ ಮೇಲೆ ಹೋಗಿ ಅಕ್ಕೋರ ಕಾಲಿಗೆ ಬಿದ್ದೆ. ಅವರು ಅವ್ವನ ಬಗ್ಗೆ ಮೂರು ಸಲ ಕೇಳಿದರು, ಕಣ್ಣು ಒರೆಸಿಕೊಂಡರು. ಆಮೇಲೆ, "ಕರೆಂಟ್ ಬಂದ ಮ್ಯಾಲೂ ಗೋಕಾಕದ್ದು ತಾನಾಗಿ ಎದ್ದಿಲ್ಲ. ಕುಂದರು, ಯಾಕಂತ ನೋಡೂನು" ಎಂದು ಕೆಲಸಕ್ಕೆ ಕೂತರು. ಇಂಥ ಮನುಷ್ಯರೂ ಇರುತ್ತಾರೆಯೇ ಎಂದು ನಾನು ಬೆರಗಾಗಿ ನೋಡುತ್ತಲೇ ನಿಂತೆ. ಆ ಬೆರಗು ಇವತ್ತಿಗೂ ಇಳಿದಿಲ್ಲ.

ಅವರ ಬಗ್ಗೆ ಬರೆಯುವುದು ಇನ್ನೂ ಬಹಳ ಇದೆ. ಆದರೆ ಅಡುಗೆಮನೆಯಿಂದ ಅವ್ವ ಆಗಲೇ ಎರಡು ಸಲ ಕೂಗಿದ್ದಾಳೆ: "ರೊಟ್ಟಿ ಆರಾಕತ್ತಾವು, ಬಾರೋ!"