ಮೇಷ್ಟ್ರು ಎಣಿಸಿದ ಅಕ್ಷರ

ನಮ್ಮ ಕನ್ನಡ ಮೇಷ್ಟ್ರ ತುಟಿಗಳು ಸುಮ್ಮನಿದ್ದುದನ್ನು ನಾನು ಕಂಡದ್ದು ಒಂದೇ ಸಲ. ಹರಪನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗಲೂ ಅವು ಅಲ್ಲಾಡುತ್ತಿದ್ದವು. ಗೊತ್ತಿಲ್ಲದವರು ಎಲೆ ಅಡಿಕೆ ಅಂದುಕೊಳ್ಳುತ್ತಿದ್ದರು. ಅವರು ಅಕ್ಷರ ಎಣಿಸುತ್ತಿದ್ದರು.

ಅವರ ಅಜ್ಜ, ಅಂದರೆ ತಾಯಿಯ ಅಪ್ಪ, ಸ್ವಾತಂತ್ರ್ಯ ಚಳವಳಿಯಲ್ಲಿ ತಲೆಮರೆಸಿಕೊಂಡು ಹೋದವರು ಮರಳಲೇ ಇಲ್ಲ. ಹೆಂಡತಿಗೆ ಗುಪ್ತಲಿಪಿಯಲ್ಲಿ ಬರೆದ ಕಾಗದಗಳು ಮನೆ ಮುಟ್ಟುವ ಮೊದಲೇ ಪೊಲೀಸರ ಕೈಸೇರಿ, ಕೊನೆಗೆ ಪತ್ರಾಗಾರದಲ್ಲಿ ಉಳಿದಿದ್ದವು. ಅಕ್ಷರಕ್ಕೊಂದು ಗುರುತು, ಓದಿದವರಿಲ್ಲ. ನಿವೃತ್ತರಾದ ಮೇಲೆ ಮೇಷ್ಟ್ರು ಅವುಗಳ ನಕಲು ತಂದು ಕೂತದ್ದು ತಾಯಿಗಾಗಿ. ಅಪ್ಪ ಮನೆ ಬಿಟ್ಟಾಗ ಆಕೆ ಇನ್ನೂ ಹೊಟ್ಟೆಯಲ್ಲಿದ್ದವರು. ಹಾಸಿಗೆಯಿಂದಲೇ ಮಗನನ್ನು ಕೇಳುತ್ತಿದ್ದರು: “ನಮ್ಮಪ್ಪ ಬರದದ್ರಾಗ ನನ್ನ ಹೆಸರು ಐತೇನು, ನೋಡಪಾ.”

“ಹುಡುಕುತ್ತಿದ್ದೇನೆ ಅವ್ವಾ.”

ಹೆತ್ತವ್ವನಿಗೂ ಪುಸ್ತಕದ ಕನ್ನಡವೇ. ಒಮ್ಮೆ ಕಂಡಕ್ಟರನನ್ನು “ಈ ವಾಹನ ಕೊಟ್ಟೂರಿಗೆ ತೆರಳುತ್ತದೆಯೇ?” ಎಂದು ಕೇಳಿದ್ದರು. ಆ ಪುಣ್ಯಾತ್ಮ “ತೆರಳ್ತೈತಿ, ಹತ್ರಿ ಸರ” ಅಂದಿದ್ದ. ಕ್ಲಾಸಿನಲ್ಲಿ ‘ಐತಿ’ ಅಂದವರ ಕಿವಿ ಹಿಂಡಿ ‘ಇದೆ’ ಅನ್ನಿಸುತ್ತಿದ್ದರು. ನನ್ನ ಕಿವಿಯೂ ಕೆಂಪಾಗಿದೆ.

ಕಾಗದಗಳಲ್ಲಿ ಮಾತು ಮುಗಿಯುವಲ್ಲೆಲ್ಲ ಎರಡು ಗುರುತುಗಳು ಜೋಡಿಯಾಗಿ ಬರುತ್ತಿದ್ದವು. ಅದು ‘ಇದೆ’ಯೇ ಎಂದು ಹಿಡಿದು ಮೇಷ್ಟ್ರು ವರ್ಷಗಟ್ಟಲೆ ತಿಣುಕಿದರು. ಒಂದು ಸಾಲೂ ಬಿಚ್ಚಲಿಲ್ಲ. ತಾಯಿ ಕೇಳುತ್ತ ಕೇಳುತ್ತಲೇ ತೀರಿಕೊಂಡರು.

ನಾನು ಮಾತಾಡಿಸಲು ಹೋದಾಗ ಮೇಷ್ಟ್ರು ಹೇಳಿದರು: “ಕೊನೆಯವರೆಗೂ ಅದೇ ಪ್ರಶ್ನೆ ಕಣಯ್ಯ. ‘ನನ್ನ ಹೆಸರು ಐತೇನು...’” ತಾಯಿಯ ಮಾತನ್ನು ತಾಯಿಯಂತೆಯೇ ಅಂದವರು ಅಲ್ಲಿಗೇ ನಿಂತರು. ತುಟಿಯೂ ನಿಂತಿತು.

“ಅಜ್ಜ ಪಂಡಿತ ಅಲ್ಲಲೇ. ಹೆಂಡ್ತಿಗಿ ಬರದಾನ. ಐತಿ ಅಂತ ಬರದಾನ.”

‘ಐ’ ಮತ್ತು ‘ತಿ’ ಸಿಕ್ಕ ಮೇಲೆ ಉಳಿದದ್ದು ಕೆಲವೇ ದಿನಗಳಲ್ಲಿ ಬಿಚ್ಚಿತು. ನನ್ನನ್ನು ಕರೆಸಿ ಓದಿಸಿದರು. “ನಂದು ಆರಾಮ ಐತಿ. ಹೆರಿಗಿ ಆಗಿರಬೇಕು. ಕೂಸು ಗಂಡೋ ಹೆಣ್ಣೋ? ಹೆಸರು ಏನಿಟ್ಟಿ? ಯಾರ ಕೈಲ್ಯಾರ ಹೇಳಿ ಕಳಸು.” ಮುಂದಿನ ಕಾಗದದಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ಉತ್ತರ ಕಳಿಸಬೇಕಾದವರಿಗೆ ಪ್ರಶ್ನೆಯೇ ಮುಟ್ಟಿರಲಿಲ್ಲ. ಮಗಳ ಹೆಸರು ಎಲ್ಲೂ ಇರಲಿಲ್ಲ.

ಆಮೇಲೆ ಮೇಷ್ಟ್ರು ಪೆನ್ನು ಹಿಡಿಯಲಿಲ್ಲ, ಬಹಳ ದಿನ ಉಳಿಯಲೂ ಇಲ್ಲ. ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡು ಅಂದರು: “ಅಷ್ಟಾದ್ರೂ ಹೇಳಬೇಕಿತ್ತಲೇ ಅವ್ವಗ. ನಿನ್ನ ಹೆಸರ ಕೇಳ್ಯಾನವ್ವ, ಅಂತ.”