ಸಣ್ಣ ಪ್ರತಿಗಳ ಜಾಗ

ಹೊಸನಗರದ ನನ್ನ ಫೋಟೊ ಸ್ಟುಡಿಯೋದ ಕಂಪ್ಯೂಟರ್ ಕೆಟ್ಟರೆ ಸಾಗರದಿಂದ ಬಸ್ಸಿನಲ್ಲಿ ಬರುತ್ತಿದ್ದ ರಿಪೇರಿಯವರಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಆಲ್ಬಮ್ ಮಾಡುವ ಪ್ರೋಗ್ರಾಮು, ಚಿತ್ರ ಬೇಗ ತೋರಿಸಲೆಂದು ಪ್ರತಿ ಫೋಟೊಗೂ ಒಂದು ಸಣ್ಣ ಪ್ರತಿ ಮಾಡಿಟ್ಟುಕೊಳ್ಳುತ್ತಿತ್ತು. ಕ್ಯಾಶೆ ಎನ್ನುವ ಈ ಪ್ರತಿಗಳ ರಾಶಿಯನ್ನು ಅದು ಗಿರಾಕಿಗಳ ಫೋಟೊಗಳ ನಡುವೆಯೇ ತುಂಬಿದ್ದನ್ನು ಕಂಡು ಅವರು ರೇಗಿದ್ದರು.

“ಎಂಜಲೆಲೆ ತಗೊಂಡೋಗಿ ದೇವರ ಕೋಣೇಲಿ ಇಡ್ತಾರೇನ್ರೀ?”

ಕ್ಯಾಶೆಗೆಂದೇ ಬೇರೆ ಡಿಸ್ಕಿನಲ್ಲಿ ಒಂದು ಫೋಲ್ಡರ್ ಮಾಡಿಕೊಟ್ಟರು. ಜಾಗ ಸಾಲದಾದಾಗ ಅದನ್ನು ಖಾಲಿ ಮಾಡುವವರೂ ಅವರೇ. ಆದರೆ ಬಟನ್ ಒತ್ತುವ ಮುಂಚೆ ಕನ್ನಡಕವನ್ನು ಹಣೆಗೇರಿಸಿ ಪ್ರತಿ ಸಲವೂ ಕೇಳುತ್ತಿದ್ದರು: “ಹೋದ್ರೆ ಮತ್ತೆ ಬರ್ತದಾ?”

ಒಮ್ಮೆ ಗಿರಾಕಿಗಳ ಫೋಟೊಗಳಿದ್ದ ಡಿಸ್ಕೇ ಕೆಟ್ಟಿತು. ತೀರ್ಥಹಳ್ಳಿಯ ಒಂದು ಮದುವೆ ಪೂರ್ತಿ ಅದರಲ್ಲಿತ್ತು. ಮದುವೆಯಾದ ವಾರದಲ್ಲೇ ತೀರಿಕೊಂಡ ಮದುಮಗಳ ಅಜ್ಜಿಯೂ ಅದರಲ್ಲಿದ್ದರು. ರಿಪೇರಿಯವರು ಬಂದು ನೋಡಿ, ಏನೂ ಉಳಿದಿಲ್ಲವೆಂದು ಹೊಸ ಡಿಸ್ಕ್ ಹಾಕಿದರು.

“ಹಾಗೇ ಆ ಕ್ಯಾಶೆನೂ ಖಾಲಿ ಮಾಡ್ಬಿಡಿ” ಎಂದೆ, ಬೇಸತ್ತು.

ಕನ್ನಡಕ ಹಣೆಗೇರಿತು. “ಹೋದ್ರೆ ಮತ್ತೆ ಬರ್ತದಾ?”

“ಬರ್ತದೆ ಮಾರಾಯ್ರೆ. ಫೋಟೊ ತೆರೆದ್ರೆ ತಾನಾಗೇ ಬರ್ತದೆ.”

“ಯಾವ ಫೋಟೊ ತೆರೀತೀರಿ?”

ಅವರು ಕ್ಯಾಶೆಯ ಫೋಲ್ಡರ್ ತೆರೆದರು. ಇಡೀ ಮದುವೆ ಅಲ್ಲಿತ್ತು, ಒಂದೊಂದು ಚಿತ್ರವೂ ಹೆಬ್ಬೆರಳ ಉಗುರಿನಷ್ಟು. ಒಂದರಲ್ಲಿ ಅಜ್ಜಿ ಅಕ್ಷತೆ ಹಾಕುತ್ತಿದ್ದರು.

ಅವರು ಅಷ್ಟನ್ನೂ ಹೊಸ ಡಿಸ್ಕಿಗೆ, ಗಿರಾಕಿಗಳ ಫೋಟೊ ಇಡುವ ಜಾಗಕ್ಕೇ ಸಾಗಿಸಿದರು. ಆಮೇಲೆ ಕನ್ನಡಕ ಕೆಳಗಿಳಿಸಿದರು.

“ಇನ್ನು ಇವು ದೇವರ ಕೋಣೇಲೇ ಇರ್ಲಿ.”